ಮಡಚುವುದಲ್ಲ, ವಾರೆ ಮಾಡುವುದು

ಅವರು ತೀರಿಕೊಂಡರು ಎಂದು ಮೊನ್ನೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಹಳೆಯ ಡ್ರೈವರ್ ಸಿಕ್ಕಿ ಹೇಳಿದ. ತೀರಿಕೊಂಡು ಆಗಲೇ ಬಹಳ ದಿನವಾಗಿತ್ತಂತೆ. ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ನಾಲ್ಕು ತಾಲ್ಲೂಕಿನ ಜನಕ್ಕೆ ಪ್ರಪಂಚದ ಸುದ್ದಿಯನ್ನೆಲ್ಲ ಮುಟ್ಟಿಸಿದ ಮನುಷ್ಯನ ಸಾವಿನ ಸುದ್ದಿ ನನಗೆ ಇಷ್ಟು ತಡವಾಗಿ, ಅದೂ ಕಡಲೇಕಾಯಿ ಬಿಡಿಸುತ್ತ ನಿಂತ ಡ್ರೈವರನ ಬಾಯಿಂದ ತಿಳಿಯಬೇಕೇ? ಬೈಯೋಣವೆಂದರೆ ಅವನ ಕಣ್ಣೂ ಒದ್ದೆಯಾಗಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೇ ಹಿಡಿಸುತ್ತಿರಲಿಲ್ಲ. ಅಷ್ಟು ವರ್ಷ ಮೈಕು ಹಿಡಿದರೂ ಒಂದು ದಿನವೂ ತಮ್ಮ ಹೆಸರು ಹೇಳಿಕೊಂಡವರಲ್ಲ. ಯಾಕೆ ಸಾರ್ ಎಂದು ಕೇಳಿದ್ದಕ್ಕೆ, “ನಾನ್ಯಾರು ಅಂತ ಗೊತ್ತಾದ್ರೆ ನನ್ನ ಮುಖ ನೋಡ್ತಾರೆ ಕಣಯ್ಯಾ. ಪರದೆ ನೋಡಲಿ ಬಿಡು” ಎಂದಿದ್ದರು. ಹಳ್ಳಿಯವರು ಬಿಡುತ್ತಾರೆಯೇ? ತಾವೇ ಒಂದು ಹೆಸರಿಟ್ಟುಕೊಂಡಿದ್ದರು: ಮೈಕಯ್ಯ.

ಐವತ್ತರ ದಶಕದ ಕೊನೆಯಲ್ಲಿ ನಾನು ಸರ್ಕಾರಿ ಪ್ರಚಾರದ ವ್ಯಾನಿಗೆ ಪ್ರೊಜೆಕ್ಟರ್ ಆಪರೇಟರ್ ಆಗಿ ಸೇರಿದಾಗ ಅವರು ಆಗಲೇ ಅಲ್ಲಿದ್ದರು. ಊರೂರಿಗೆ ಹೋಗಿ, ಮುಸ್ಸಂಜೆ ಕಳೆದ ಮೇಲೆ ಬಯಲಲ್ಲಿ ಪರದೆ ಕಟ್ಟಿ, ಗೊಬ್ಬರ, ಸಿಡುಬು, ಅಣೆಕಟ್ಟು ಮುಂತಾದವುಗಳ ಚಿತ್ರ ತೋರಿಸುವುದು ನಮ್ಮ ಕೆಲಸ. ಚಿತ್ರಗಳೆಲ್ಲ ಇಂಗ್ಲಿಷು, ಇಲ್ಲವೇ ಹಿಂದಿ. ಅದರ ಸೌಂಡು ಇಳಿಸಿಬಿಟ್ಟು, ಪರದೆಯ ಪಕ್ಕದಲ್ಲಿ ನಿಂತು, ಏನು ನಡೆಯುತ್ತಿದೆ ಎಂದು ಜನರ ಮಾತಿನಲ್ಲಿ ಹೇಳುವುದು ಅವರ ಕೆಲಸ. ನಾನು ಸೌಂಡು ಇಳಿಸುವುದು ಒಂದು ಕ್ಷಣ ತಡವಾದರೆ ಕತ್ತಲಲ್ಲೇ ನನ್ನತ್ತ ತಿರುಗಿ ನೋಡುತ್ತಿದ್ದರು. ಕಾಣುತ್ತಿರಲಿಲ್ಲ, ಆದರೂ ನೋಡಿದ್ದು ಗೊತ್ತಾಗುತ್ತಿತ್ತು.

ಅವರ ವೇಷವೇ ಒಂದು ತಮಾಷೆ. ಕಡುಬೇಸಿಗೆಯಲ್ಲೂ ಕುತ್ತಿಗೆಗೆ ಮಫ್ಲರ್, ಬಗಲಲ್ಲಿ ಜೀರಿಗೆ ಹಾಕಿದ ಬಿಸಿನೀರಿನ ಫ್ಲಾಸ್ಕು. ಅದರ ಒಂದು ಗುಟುಕನ್ನೂ ಯಾರಿಗೂ ಕೊಟ್ಟವರಲ್ಲ. “ಇದು ಸರ್ಕಾರದ ಗಂಟಲು, ಜೋಪಾನ ಮಾಡ್ಬೇಕು” ಎನ್ನುವುದು. ಮೈಕು ಕೈಗೆ ಬರುವ ತನಕ ಬರೀ ಪಿಸುಮಾತು. ಅವರ ಮನೆಯಾಕೆ ಒಮ್ಮೆ ನನಗೆ ಕಾಫಿ ಕೊಡುತ್ತ, “ಮನೇಲಿ ಇವರ ದನಿ ಕೇಳ್ಬೇಕು ಅಂದ್ರೆ ನಾವೂ ಯಾವ್ದಾದ್ರೂ ಹಳ್ಳಿಗೆ ಬಂದು ನೆಲದ ಮೇಲೆ ಕೂರ್ಬೇಕು” ಎಂದಿದ್ದರು. ಇವರು ಅದಕ್ಕೂ ಪಿಸುದನಿಯಲ್ಲೇ ನಕ್ಕರು.

ಬೇರೆಯವರು ಮೈಕು ಪರೀಕ್ಷೆ ಮಾಡುವಾಗ ಹಲೋ ಹಲೋ ಎನ್ನುತ್ತಾರೆ. ಇವರು “ಉಂಡ್ರಾ? ಉಂಡ್ರಾ?” ಎನ್ನುತ್ತಿದ್ದರು. ಕಟ್ಟಾಯ ಎಂಬ ಊರಿನಲ್ಲಿ ಒಂದು ಸಂಜೆ ದೂರದ ಮನೆಯೊಂದರಿಂದ ಹೆಂಗಸಿನ ದನಿ ಬಂತು: “ಇಲ್ಲಾ ಮೈಕಯ್ಯಾ, ಇನ್ನೂ ಮುದ್ದೆ ತಿರುವ್ತಾ ಇವ್ನಿ!” ಇವರು, “ತಿರುವವ್ವಾ, ಉಂಡ್ಕಂಡು ಬಾ, ಕಾಯ್ತೀವಿ” ಎಂದು ನಿಜಕ್ಕೂ ಕಾದರು. ಆಕೆ ಬಾಯಿ ಒರೆಸಿಕೊಳ್ಳುತ್ತ ಬಂದು ಕೂತ ಮೇಲೆಯೇ ನನಗೆ ಕೈ ಬೀಸಿದ್ದು. ನಡುವೆ ನನ್ನ ಜನರೇಟರಿನ ಪೆಟ್ರೋಲು ಉರಿದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

ಅವರ ಕೆಲಸದ ಗುಟ್ಟು ಇದ್ದದ್ದು ಗಂಟಲಿನಲ್ಲಲ್ಲ, ಕಿವಿಯಲ್ಲಿ. ಊರಿಗೆ ನಾವು ಬಿಸಿಲಿರುವಾಗಲೇ ಹೋಗುತ್ತಿದ್ದೆವು. ನಾನು, ಡ್ರೈವರ್ ಸೇರಿ ಪರದೆಯ ಗಳ ನೆಡುತ್ತಿದ್ದರೆ ಇವರು ಫ್ಲಾಸ್ಕು ಬಗಲಿಗೇರಿಸಿ ಟೀ ಅಂಗಡಿ, ಕುಲುಮೆ, ಬಟ್ಟೆ ಒಗೆಯುವ ಕಲ್ಲು ಎಂದು ಅಡ್ಡಾಡಿ, ಚಿತ್ರದಲ್ಲಿ ಬರುವ ವಸ್ತುವನ್ನು ಬಣ್ಣಿಸಿ, “ಇದಕ್ಕೆ ನೀವೇನಂತೀರಿ?” ಎಂದು ಕೇಳುತ್ತಿದ್ದರು. ಊರಿನ ಬಾಯಿಂದ ಬಂದ ಮಾತನ್ನೇ ಸಂಜೆ ಊರಿಗೆ ವಾಪಸು ಕೊಡುವುದು. ಒಮ್ಮೆ ನೀರೊಳಗೆ ಮುಳುಗಿ ಹೋಗುವ ಹಡಗಿನ ಚಿತ್ರವಿತ್ತು. ಕಚೇರಿಯಿಂದ ಬಂದ ಕಾಗದದಲ್ಲಿ ‘ಜಲಾಂತರ್ಗಾಮಿ ನೌಕೆ’ ಎಂದಿತ್ತು. ಹೊಳೆನರಸೀಪುರದಲ್ಲಿ ಹೇಮಾವತಿಯ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವನೊಬ್ಬ, “ಮುಳುಗೀಜು ವಡೀತದೆ ಅನ್ನಿ ಸಾ” ಎಂದ. ಆ ಸಂಜೆ ಇವರು ‘ಮುಳುಗೀಜು ಹಡಗು’ ಎಂದಾಗ ಜನಕ್ಕೆ ಬೇರೇನೂ ಹೇಳಬೇಕಾಗಲೇ ಇಲ್ಲ.

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಆ ಗಾದೆ ಮಾಡಿದವರು ಇವರನ್ನು ನೋಡಿರಲಾರರು. ಒಂದು ಪದಕ್ಕಾಗಿ ನನ್ನೊಂದಿಗೆ ಜಗಳ, ಡ್ರೈವರನೊಂದಿಗೆ ಜಗಳ, ಪದ ಕೊಟ್ಟವನೊಂದಿಗೂ ಜಗಳ. ಜೊತೆಗೆ ಸ್ವಲ್ಪ ಜಂಬವೂ ಇತ್ತು. ಜನ ನಕ್ಕರೆ ಅವರಿಗೆ ಹೊಟ್ಟೆ ತುಂಬುತ್ತಿತ್ತು. ನಗು ಬಂದ ಮಾತನ್ನು ಮುಂದಿನ ಊರಿನಲ್ಲೂ ತಪ್ಪದೆ ಆಡುತ್ತಿದ್ದರು. ಅದೇ ಒಂದು ಸಲ ಅವರಿಗೆ ಮುಳುವಾಯಿತು.

ಅರವತ್ತರ ದಶಕದ ನಡುಭಾಗದಲ್ಲಿ ಒಂದು ಮಧ್ಯಾಹ್ನ ಹೊರದೇಶದ ರೀಲೊಂದು ನಮ್ಮ ಕಚೇರಿಗೆ ಬಂತು. ಹೊಸ ಬಗೆಯ ಒಂದು ವಿಮಾನದ್ದು. ಅಂಥದ್ದನ್ನು ನಾವು ಕಂಡೂ ಇರಲಿಲ್ಲ, ಕೇಳಿಯೂ ಇರಲಿಲ್ಲ. ನೆಲ ಬಿಡುವಾಗ ಅದರ ರೆಕ್ಕೆಗಳು ಎಲ್ಲ ವಿಮಾನದವುಗಳ ಹಾಗೆ ಎರಡು ಪಕ್ಕಕ್ಕೆ ಚಾಚಿಕೊಂಡಿರುತ್ತವೆ. ಮೇಲೆ ಹೋಗಿ ವೇಗ ಹಿಡಿಯುತ್ತಿದ್ದಂತೆ, ಹಾರುತ್ತಿರುವಾಗಲೇ, ಎರಡೂ ರೆಕ್ಕೆ ಒಟ್ಟಿಗೆ ನಿಧಾನವಾಗಿ ಹಿಂದಕ್ಕೆ ಸರಿದು ಬಾಲದ ಕಡೆಗೆ ವಾಲುತ್ತವೆ. ಇಳಿಯುವ ಹೊತ್ತಿಗೆ ಮತ್ತೆ ಚಾಚಿಕೊಳ್ಳುತ್ತವೆ. ಕಚೇರಿಯ ಗೋಡೆಯ ಮೇಲೆ ಓಡಿಸಿ ನೋಡಿದೆವು. ಅವರು “ಇನ್ನೊಂದ್ಸಲ” ಎಂದರು. ಮತ್ತೆ ಓಡಿಸಿದೆ. ಮತ್ತೆ “ಇನ್ನೊಂದ್ಸಲ”.

“ನೋಡಯ್ಯಾ, ನಿಧಾನಕ್ಕೆ ಹಾರೋಕೆ ಅಗಲವಾದ ರೆಕ್ಕೆ ಬೇಕು. ಜೋರಾಗಿ ಹೋಗೋಕೆ ಅದೇ ಅಗಲ ಗಾಳಿಗೆ ಅಡ್ಡ. ಎರಡೂ ಬೇಕು ಅಂದ್ರೆ ಏನ್ಮಾಡೋದು? ರೆಕ್ಕೇನೇ ಜಾಗ ಬಿಟ್ಟು ಸರೀಬೇಕು! ಎಂಥಾ ತಲೆ ಇರ್ಬೇಕು ಕಣಯ್ಯಾ ಆ ಪುಣ್ಯಾತ್ಮನದು!” ಎಂದರು. ಅವತ್ತು ಅವರ ಮುಖದಲ್ಲಿ ಇದ್ದ ಖುಷಿಯನ್ನು ನಾನು ಅವರ ಮಗಳ ಮದುವೆಯಲ್ಲೂ ನೋಡಲಿಲ್ಲ.

ಅಂದೇ ಶಾಂತಿಗ್ರಾಮದಲ್ಲಿ ಪ್ರದರ್ಶನ. ದಾರಿಯಲ್ಲಿ ಟೈರು ಪಂಕ್ಚರ್ ಆಯಿತು. ನಾವು ಮುಟ್ಟುವ ಹೊತ್ತಿಗೆ ಕತ್ತಲಾಗಿ ಜನ ಸೇರಿಬಿಟ್ಟಿದ್ದರು. ಟೀ ಅಂಗಡಿಗೆ ಹೋಗಿ ಕೇಳಲು ಅವರಿಗೆ ಸಮಯವೇ ಸಿಗಲಿಲ್ಲ. ಪರದೆಯ ಮೇಲೆ ವಿಮಾನದ ರೆಕ್ಕೆ ಸರಿಯುವ ಜಾಗ ಬಂತು. ಬಾಯಿಗೆ ಬಂದದ್ದನ್ನು ಆಡಿಬಿಟ್ಟರು: “ನೋಡ್ರಪ್ಪಾ, ನೋಡ್ರವ್ವಾ! ಮ್ಯಾಲೆ ಓಗಿ ಜೋರು ಇಡೀತಿದ್ದಂಗೆ ಈ ಇಮಾನ ಛತ್ರಿ ಮಡಚ್ದಂಗೆ ರೆಕ್ಕೆ ಮಡಚ್ಕತದೆ!”

ಜನ ಹೋ ಎಂದು ನಕ್ಕರು. ಮರುದಿನ ಕಟ್ಟಾಯದಲ್ಲಿ ಮತ್ತೆ ಛತ್ರಿ. ಆಮೇಲೆ ಅರಕಲಗೂಡಿನಲ್ಲೂ ಛತ್ರಿ. ಎಲ್ಲ ಕಡೆಯೂ ನಗು.

ಶಾಂತಿಗ್ರಾಮದಲ್ಲಿ ರಸ್ತೆಯ ಮಗ್ಗುಲಿಗೆ ಒಂದು ಸಣ್ಣ ಹೋಟೆಲಿತ್ತು. ಚನ್ನರಾಯಪಟ್ಟಣಕ್ಕೆ ಹೋಗುವಾಗ ಬರುವಾಗ ನಮ್ಮ ವ್ಯಾನು ಅಲ್ಲಿ ನಿಲ್ಲಲೇಬೇಕು. ಅದನ್ನು ನಡೆಸುತ್ತಿದ್ದ ಹೆಂಗಸನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಚಿಕ್ಕ ವಯಸ್ಸಿಗೇ ಗಂಡ ಹೋಗಿದ್ದ, ಮಕ್ಕಳಿರಲಿಲ್ಲ. ತಂದೆತಾಯಿಯಿಲ್ಲದ ತಮ್ಮನನ್ನು ತಾನೇ ಸಾಕಿ ಎಸ್ಸೆಸ್ಸೆಲ್ಸಿ ಓದಿಸಿದ್ದಳು. ಆ ತಮ್ಮ ವಾಯುಪಡೆಯಲ್ಲಿ ವಿಮಾನ ರಿಪೇರಿಯ ಕೆಲಸ ಕಲಿಯಲು ಆಯ್ಕೆಯಾಗಿದ್ದ. ಆ ಸುದ್ದಿ ಬಂದ ದಿನ ನಮಗೆಲ್ಲ ಕೇಸರಿಬಾತು ಕೊಟ್ಟು ಕಾಸು ಮುಟ್ಟಿರಲಿಲ್ಲ.

ಅರಕಲಗೂಡಿನ ಪ್ರದರ್ಶನವಾದ ಮೇಲೆ ಒಂದು ದಿನ ಅಲ್ಲಿ ಇಳಿದರೆ ಅಕ್ಕ ಟೀ ಲೋಟ ಕುಕ್ಕಿದಳು.

“ತಮ್ಮ ಯಾವತ್ತು ಹೊರಡ್ತಾನವ್ವಾ?” ಎಂದು ಇವರು ಕೇಳಿದರು.

“ಓಗಕಿಲ್ಲ ಸಾ. ನಾನು ಕಳ್ಸಕಿಲ್ಲ.”

“ಯಾಕವ್ವಾ?”

“ನೀವೇ ಯೋಳುದ್ರಲ್ಲ ಮೈಕಲ್ಲಿ! ಮಳೇಲಿ ಛತ್ರಿ ಮಡಚುದ್ರೆ ನೆನೀತೀವಿ. ಅಷ್ಟೆತ್ತರದಲ್ಲಿ ರೆಕ್ಕೆ ಮಡಚುದ್ರೆ ಏನಾಯ್ತದೆ? ಆರೋ ಅಕ್ಕಿ ರೆಕ್ಕೆ ಮಡಚ್ತು ಅಂದ್ರೆ ಏಟು ಬಿತ್ತು ಅಂತ್ಲೇ ಅರ್ಥ. ಅಂತಾದ್ರಲ್ಲಿ ನನ್ ತಮ್ಮನ್ನ ಕೂರುಸ್ಲಾ? ಇರೋನು ಅವನೊಬ್ಬ ಸಾ ನಂಗೆ.”

ಮೂಲೆಯಲ್ಲಿ ತಮ್ಮ ಲೋಟ ತೊಳೆಯುತ್ತಿದ್ದ. ಅಕ್ಕನ ಮಾತು ಮೀರುವವನಲ್ಲ. ಅವನ ಹೆಗಲು ಇಳಿಬಿದ್ದದ್ದು ಹಿಂದಿನಿಂದಲೇ ಕಾಣುತ್ತಿತ್ತು. ಹೊರಡಬೇಕಾದ ದಿನಕ್ಕೆ ತಿಂಗಳೂ ಉಳಿದಿರಲಿಲ್ಲ.

ನಾನು ಬುದ್ಧಿವಂತನಂತೆ ನಡುವೆ ಬಾಯಿ ಹಾಕಿದೆ. ಅಂಥ ವಿಮಾನ ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ, ಮೇಲಾಗಿ ಇವನು ನೆಲದ ಮೇಲೆ ರಿಪೇರಿ ಮಾಡುವವನು, ಏನೂ ಆಗುವುದಿಲ್ಲ ಎಂದೆ. ಅಕ್ಕ ನನ್ನ ಕಡೆ ತಿರುಗಿದಳು. “ಇವತ್ತಿಲ್ಲ, ನಾಳೀಕೆ ತರಕಿಲ್ವಾ? ರಿಪೇರಿ ಸರಿಯಾಗಯ್ತಾ ಅಂತ ನೋಡಕ್ಕೆ ರಿಪೇರಿ ಮಾಡ್ದೋನ್ನೇ ಕೂರುಸ್ಕಂಡು ಓಗಕಿಲ್ವಾ?” ನಾನು ಟೀ ಕುಡಿದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಾಸನದಲ್ಲಿ ವ್ಯಾನಿನಿಂದ ಇಳಿಯುವಾಗ ಅವರು, “ಅವತ್ತು ನಾನು ಕೇಳ್ಲಿಲ್ಲ ಕಣಯ್ಯಾ. ಯಾರನ್ನೂ ಕೇಳ್ದೆ ಬಾಯಿಗೆ ಬಂದದ್ದು ಅಂದೆ. ನಗು ಬಂತು ಅಂತ ಅದನ್ನೇ ಹಿಡ್ಕಂಡೆ” ಎಂದರು. ಹೋಗಲಿ ಬಿಡಿ ಸಾರ್, ಅವಳ ತಮ್ಮ ಅವಳ ಇಷ್ಟ ಎಂದೆ. “ಎಲ್ಲಿ ಚೆಲ್ಲಿದ್ದೀನೋ ಅಲ್ಲೇ ಒರೆಸ್ಬೇಕು” ಎಂದು ಮನೆಯ ದಾರಿ ಹಿಡಿದರು.

ಭಾನುವಾರ ಬೆಳಗ್ಗೆ ನನ್ನ ಮನೆ ಬಾಗಿಲಲ್ಲಿ ಹಾಜರ್. ಕೈಚೀಲದಲ್ಲಿ ಒಂದು ಸೌತೆಕಾಯಿ, ಒಂದು ನುಗ್ಗೆಕಾಯಿ, ನಾಲ್ಕು ಪೊರಕೆಕಡ್ಡಿ. ಸಾಂಬಾರು ಮಾಡಲು ಹೊರಟಿದ್ದೀರಾ ಸಾರ್ ಎಂದು ಕೇಳಿದೆ. ಉತ್ತರ ಕೊಡದೆ ಬಸ್ಸು ಹತ್ತಿಸಿದರು.

ಅಕ್ಕನ ಹೋಟೆಲಿನ ಮೇಜಿನ ಮೇಲೆ ಸೌತೆಕಾಯಿ ಮಲಗಿಸಿದರು. ನುಗ್ಗೆಕಾಯಿಯನ್ನು ಎರಡು ತುಂಡು ಮಾಡಿ, ಒಂದೊಂದರ ತುದಿಗೂ ಮೇಲಿಂದ ಕಡ್ಡಿ ಚುಚ್ಚಿ, ಸೌತೆಕಾಯಿಯ ಎರಡು ಪಕ್ಕಕ್ಕೆ ನೆಟ್ಟರು. ಇಡ್ಲಿ ತಿನ್ನುತ್ತಿದ್ದವರೆಲ್ಲ ಎದ್ದು ಬಂದು ಸುತ್ತ ನಿಂತರು. ಅಕ್ಕ ಒಲೆ ಬಿಟ್ಟು ಬರಲಿಲ್ಲ, ಕತ್ತು ಮಾತ್ರ ಉದ್ದ ಮಾಡಿದಳು.

“ಛತ್ರಿ ಮರ್ತುಬಿಡವ್ವಾ. ಅದು ನನ್ನ ತಪ್ಪು. ಇಲ್ನೋಡು” ಎಂದು ನುಗ್ಗೆಕಾಯಿ ತುಂಡುಗಳ ಹೊರತುದಿಯನ್ನು ಬೆರಳಿಂದ ಹಿಂದಕ್ಕೆ ಸರಿಸಿದರು. ಅವು ಕಡ್ಡಿಯ ಮೇಲೆ ತಿರುಗಿ ಸೌತೆಕಾಯಿಯ ಬಾಲದ ಕಡೆಗೆ ವಾಲಿದವು. ಮತ್ತೆ ಮುಂದಕ್ಕೆ ತಂದರು. “ರೆಕ್ಕೆ ಎಲ್ಲೂ ಹೋಗ್ಲಿಲ್ಲ, ಮುದುರ್ಲಿಲ್ಲ, ಒಳಗೆ ಸೇರ್ಲಿಲ್ಲ. ಇಷ್ಟೇ. ಇದಕ್ಕೆ ನೀವೇನಂತೀರವ್ವಾ?”

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ತಾನೇ ಒಂದು ಸಲ ಹಿಂದಕ್ಕೆ ಸರಿಸಿದಳು, ಮುಂದಕ್ಕೆ ತಂದಳು. ಆಮೇಲೆ ಅವರನ್ನು ದಡ್ಡ ಹುಡುಗನನ್ನು ನೋಡುವಂತೆ ನೋಡಿದಳು. “ಇದನ್ನ ಮಡಚೋದು ಅಂತಾರಾ? ವಾರೆ ಮಾಡೋದು ಅಂತಾರೆ. ಬಾಗ್ಲು ವಾರೆ ಮಾಡು ಅನ್ನಕಿಲ್ವಾ? ಪೂರ್ತಿ ತಗ್ದಿದ್ ಬಾಗ್ಲ ವಾರೆ ಮಾಡ್ದಂಗೆ.”

ಇವರ ಮುಖ ಅರಳಿತು. “ವಾರೆ! ವಾರೆ ಮಾಡೋದು! ಬಾಗ್ಲು ಕಣಯ್ಯಾ, ಛತ್ರಿ ಅಲ್ಲ, ಬಾಗ್ಲು!” ಎಂದು ನನ್ನ ಬೆನ್ನಿಗೆ ಗುದ್ದಿದರು. ಸುತ್ತ ನಿಂತವರೂ ತಲೆಯಾಡಿಸಿದರು. ಕೆಲಸ ಮುಗಿಯಿತು ಎಂದು ನಾನು ಎರಡು ಇಡ್ಲಿಗೆ ಹೇಳಬೇಕೆಂದಿದ್ದೆ.

ಅಕ್ಕ ಕೈಯನ್ನು ಸೌತೆಕಾಯಿಯ ಮೇಲಿಂದ ತೆಗೆದಿರಲಿಲ್ಲ. ಕಡ್ಡಿಯನ್ನು ಮುಟ್ಟಿ ಕೇಳಿದಳು: “ಈ ತಿರುಗುಣಿ ಮುರುದ್ರೆ?”

“ಮುರುದ್ರೆ ಬೀಳ್ತದೆ” ಎಂದರು ಇವರು.

ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ.

“ಮುರಿಯಾಕಿಲ್ಲ ಅಂತ ಯೋಳಿ ಮತ್ತೆ” ಎಂದಳು ಅಕ್ಕ.

ತಮ್ಮ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದ. ಹೇಳಿಬಿಡಿ ಸಾರ್, ಒಂದು ಮಾತು, ಹುಡುಗನ ಬಾಳಾಗುತ್ತದೆ ಎಂದು ನನ್ನ ಮನಸ್ಸು ಕೂಗುತ್ತಿತ್ತು. ಅವರು ಮಫ್ಲರಿನ ತುದಿಯನ್ನು ಸ್ವಲ್ಪ ಹೊತ್ತು ತಿರುವಿದರು.

“ಅದನ್ನ ಮಾಡ್ದೋರು ಗಟ್ಟಿಯಾಗೇ ಮಾಡಿರ್ತಾರೆ. ಆದ್ರೆ ಮುರಿಯಲ್ವೋ ಏನೋ, ಅದು ನಂಗೆ ಗೊತ್ತಿಲ್ಲ ಕಣವ್ವಾ. ಮಡಚ್ಕಂಡು ಬೀಳಲ್ಲ ಅಂತ ಹೇಳಬಲ್ಲೆ. ಅಷ್ಟೇ ನಂಗೆ ಗೊತ್ತಿರೋದು.”

ಅಕ್ಕ ಒಲೆಯ ಹತ್ತಿರ ಹೋದಳು. ನಾವು ಬಸ್ಸಿಗೆ ಬಂದೆವು. ದಾರಿಯುದ್ದಕ್ಕೂ ನಾನು ಅವರನ್ನು ಬೈದೆ. ವಯಸ್ಸಿನಲ್ಲಿ ಹಿರಿಯರು ಎಂದೂ ನೋಡಲಿಲ್ಲ. ಊರಿಗೆಲ್ಲ ಮಾತು ಹಂಚುವವರಿಗೆ ಬೇಕಾದಾಗ ಒಂದು ಒಳ್ಳೆಯ ಮಾತು ಹುಟ್ಟಲಿಲ್ಲವೇ ಎಂದೆ. ಅವರು ಕಿಟಕಿಯಾಚೆ ನೋಡುತ್ತ ಕೂತಿದ್ದರು.

ರೀಲನ್ನು ವಾಪಸು ಕಳಿಸುವ ಮೊದಲು ಇನ್ನೊಂದು ಸುತ್ತು ತೋರಿಸಬೇಕು ಎಂದು ಹಟ ಹಿಡಿದರು. ಮತ್ತೆ ಶಾಂತಿಗ್ರಾಮ. ಜನ ನೋಡಿದ ಚಿತ್ರವನ್ನೇ ನೋಡಲು ಬಂದು ಕೂತರು. ವಿಮಾನ ನೆಲ ಬಿಟ್ಟಿತು. ಇವರು ಮೈಕು ಎತ್ತಿದರು. “ಓದ್ಸಲ ನಾನು ಈ ಇಮಾನ ರೆಕ್ಕೆ ಮಡಚ್ಕತದೆ ಅಂದಿದ್ದೆ. ಅದು ತಪ್ಪು. ತಪ್ಪಾಗಿ ಯೋಳ್ದೆ, ನಿಮ್ಮನ್ನ ಎದರ್ಸ್ದೆ. ಮಡಚ್ಕಣಾಕಿಲ್ಲ, ವಾರೆ ಮಾಡ್ಕತದೆ. ಏಳೋವಾಗ ಬಾಗ್ಲು ತಗ್ದಂಗೆ ರೆಕ್ಕೆ ಪೂರ್ತಿ ತಗೀತದೆ, ಜೋರಾಗಿ ಓಗೋವಾಗ ವಾರೆ ಮಾಡ್ಕತದೆ, ಇಳಿಯೋವಾಗ ತಿರ್ಗಾ ತಗೀತದೆ. ಈ ಮಾತು ನನ್ನದಲ್ಲ, ಈ ಊರಿನ ಒಬ್ಬ ಎಣ್ಣುಮಗಳು ಕೊಟ್ಟಿದ್ದು.” ಸರ್ಕಾರದ ಮೈಕು ತಪ್ಪಾಯಿತು ಎನ್ನುವುದನ್ನು ಜನ ಅದುವರೆಗೆ ಕೇಳಿರಲಿಲ್ಲ. ಕೊನೆಗೆ ಒಬ್ಬ ಮೇಲೆದ್ದು, “ತಪ್ಪು ಮನ್ಸಂಗಲ್ದೆ ಮರಕ್ಕಾಯ್ತದಾ, ಬುಡಿ ಸಾ” ಎಂದ. ಕಟ್ಟಾಯದಲ್ಲೂ, ಅರಕಲಗೂಡಿನಲ್ಲೂ ಹೀಗೆಯೇ ಹೇಳಿದರು.

ಈ ಸುದ್ದಿ ನಮ್ಮ ಕಚೇರಿಯ ಅಧಿಕಾರಿಯ ಕಿವಿಗೆ ಬಿತ್ತು. ಕರೆಸಿದರು. ನಾನೂ ಜೊತೆಗೆ ನಿಂತಿದ್ದೆ.

“ಸರ್ಕಾರದ ಮೈಕಲ್ಲಿ ತಪ್ಪಾಯ್ತು ಅಂತ ಹೇಳೋಕೆ ನಿಮಗೆ ಅಧಿಕಾರ ಕೊಟ್ಟೋರು ಯಾರ್ರೀ?”

“ತಪ್ಪು ಹೇಳೋಕೆ ಯಾರು ಕೊಟ್ಟಿದ್ರೋ ಅವರೇ ಸಾರ್.”

ಅಷ್ಟಕ್ಕೆ ಮೈಕು ಹೋಯಿತು. ಅವರನ್ನು ಸ್ಟೋರಿಗೆ ಹಾಕಿದರು. ಹಳೆಯ ಪೋಸ್ಟರುಗಳನ್ನು ಎಣಿಸಿ ಕಟ್ಟು ಕಟ್ಟುವ ಕೆಲಸ. ಅವರ ಜಾಗಕ್ಕೆ ಬಂದವನಿಗೆ ಕಾಗದ ನೋಡಿ ಓದುವಂತೆ ಆಜ್ಞೆಯಾಗಿತ್ತು. ರೀಲು ಇನ್ನೂ ವಾಪಸು ಹೋಗಿರಲಿಲ್ಲ, ಚನ್ನರಾಯಪಟ್ಟಣದಲ್ಲಿ ಆತ ಅದೇ ವಿಮಾನವನ್ನು ತೋರಿಸಿ, “ಇದು ವೇಗಕ್ಕನುಗುಣವಾಗಿ ತನ್ನ ಪಕ್ಷವನ್ನು ಬದಲಿಸುತ್ತದೆ” ಎಂದು ಓದಿದ. ಪಕ್ಷ ಎಂದರೆ ರೆಕ್ಕೆ ಎಂದು ಅಲ್ಲಿ ಯಾರಿಗೆ ಗೊತ್ತು? “ನಮ್ಮ ಮೆಂಬರೂ ಅಂಗೇಯ ಕಣ್ಲಾ!” ಎಂದು ಒಬ್ಬ ಕೂಗಿದ. ಈ ಕಥೆಯನ್ನು ಸ್ಟೋರಿಗೆ ಹೋಗಿ ಹೇಳಿದಾಗ ಇವರು ಪೋಸ್ಟರುಗಳ ಮೇಲೆ ಬಿದ್ದು ನಕ್ಕರು. ನಕ್ಕು ಮುಗಿದ ಮೇಲೆ ಅವರ ಮುಖ ನೋಡಲು ನನಗೆ ಆಗಲಿಲ್ಲ. ಮುಂದೆ ಆ ಅಧಿಕಾರಿಗೆ ವರ್ಗವಾಗಿ ಮೈಕು ಇವರ ಕೈಗೇ ಮರಳಿತು. ಆದರೆ ಅದಕ್ಕೆ ಇನ್ನೂ ಬಹಳ ದಿನವಿತ್ತು.

ಒಂದು ಮಧ್ಯಾಹ್ನ ಸ್ಟೋರಿನ ಬಾಗಿಲಿಗೆ ಅಕ್ಕ ಬಂದಳು. ಹಿಂದೆ ಟ್ರಂಕು ಹಿಡಿದ ತಮ್ಮ.

“ಇವತ್ತಿನ ಗಾಡಿಗೆ ಕಳುಸ್ತಾ ಇವ್ನಿ. ನಿಮ್ಮ ಕಾಲಿಗೆ ಬಿದ್ದು ಓಗ್ಲಿ ಅಂತ ಕರ್ಕಬಂದೆ.”

ಇವರು ಹುಡುಗನನ್ನು ಬಾಗಲು ಬಿಡಲಿಲ್ಲ, ಭುಜ ಹಿಡಿದುಕೊಂಡರು. ನನಗೆ ತಡೆಯಲಾಗಲಿಲ್ಲ. ಬೀಳುವುದಿಲ್ಲ ಎಂದು ಹೇಗೆ ನಂಬಿಕೆ ಬಂತಮ್ಮಾ ಎಂದು ಕೇಳಿದೆ.

“ನಂಬ್ಕೆ ಎಲ್ಲಿ ಬಂತು ಸಾ? ಈಗ್ಲೂ ಜೀವ ಒಡ್ಕತಾ ಅದೆ” ಎಂದಳು. “ನಮ್ ಯಜಮಾನ್ರು ಮಲಗಿದ್ದಾಗ ನೋಡಕ್ಕೆ ಬಂದೋರೆಲ್ಲ ಏನೂ ಆಗಕಿಲ್ಲ, ಏನೂ ಆಗಕಿಲ್ಲ ಅಂದ್ರು. ಡಾಕ್ಟ್ರೂ ಅಂದ್ರು. ಅದ್ನ ನೆಚ್ಕಂಡು ನಾನು ಅವರತ್ರ ಆಡೋ ಮಾತೂ ಆಡ್ಲಿಲ್ಲ. ಈಗ ಇವ್ನ ವಿಸ್ಯದಲ್ಲೂ ಎಲ್ರದ್ದೂ ಅದೇ ಮಾತು. ನೀವೂ ಅಂಗೇ ಅಂದ್ರಿ. ಇವರೊಬ್ರೇ ನಂಗೊತ್ತಿಲ್ಲ ಅಂದಿದ್ದು. ಗೊತ್ತಿರೋದ್ನ ಗೊತ್ತು ಅಂತಾರೆ, ಇಲ್ದಿದ್ರೆ ಇಲ್ಲ ಅಂತಾರೆ. ಅಂತೋರು ಮಡಚ್ಕಂಡು ಬೀಳಾಕಿಲ್ಲ ಅಂದ್ರಲ್ಲ, ಅಷ್ಟು ಸಾಕು ಅಂತ ಎದೆ ಗಟ್ಟಿ ಮಾಡ್ಕಂಡೆ. ಇವನತ್ರ ಆಡೋ ಮಾತೆಲ್ಲ ಆಡಿವ್ನಿ.”

ನಾವಿಬ್ಬರೂ ಕೆಲಸ ಬಿಟ್ಟು ಸ್ಟೇಷನ್ನಿಗೆ ಹೋದೆವು. ಅರಸೀಕೆರೆಯ ಕಡೆಗೆ ಹೋಗುವ ಗಾಡಿ ನಿಂತಿತ್ತು. ಅಕ್ಕ ಕಿಟಕಿಯಲ್ಲಿ ತಮ್ಮನಿಗೆ ಬುತ್ತಿ ಕೊಟ್ಟಳು, ಅಂಗಿಯ ಗುಂಡಿ ಸರಿ ಮಾಡಿದಳು, ಒಂದು ಹನಿ ಕಣ್ಣೀರೂ ಹಾಕಲಿಲ್ಲ. ಗಾಡಿ ಹೊರಟಿತು. ಹುಡುಗ ಕೈ ಬೀಸುತ್ತ ಬೀಸುತ್ತ ಸಣ್ಣವನಾದ. ಕೊನೆಯ ಡಬ್ಬಿಯೂ ತಿರುವಿನಲ್ಲಿ ಮರೆಯಾಯಿತು.

ಆಗ ಅವಳು ಪ್ಲಾಟ್‌ಫಾರಂ ಮೇಲೆ ಕುಸಿದು ಕೂತಳು. ಇವರೂ ಮೊಣಕಾಲೂರಿ ಪಕ್ಕದಲ್ಲಿ ಕೂತರು.

“ಈಗ ಯೋಳಿ ಅಣ್ಣಾ” ಎಂದಳು. “ಅವ್ನು ಓದ. ಈಗ ಸುಳ್ಳಾದ್ರೂ ಪರ್ವಾಗಿಲ್ಲ. ಬೀಳಾಕಿಲ್ಲ ಅಂತ ಯೋಳಿ.”

“ಬೀಳಾಕಿಲ್ಲ ಕಣವ್ವಾ” ಎಂದರು ಅವರು.

“ಇನ್ನೊಂದ್ಸಲ ಅನ್ನಿ.”

“ಬೀಳಾಕಿಲ್ಲ ತಾಯೀ, ಬೀಳೋದೇ ಇಲ್ಲ” ಎಂದರು.